ಲೆಕ್ಕಕ್ಕಿಲ್ಲದ ತಿಂಗಳು

ನಮ್ಮ ಭಾಗದ ಅರ್ಧ ಜನ ಜೂನ್ ಒಂದನೇ ತಾರೀಖು ಹುಟ್ಟಿದವರು. ಚೇಷ್ಟೆಗೆ ಹೇಳುತ್ತಿಲ್ಲ. ರಾಮದುರ್ಗದ ಕಡೆಯ ಒಂದು ಹಳ್ಳಿಯ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿದಾಗ ದಾಖಲಾತಿ ಪುಸ್ತಕ ತಿರುವಿ ನೋಡಿದೆ, ಪುಟಕ್ಕೆ ಪುಟ ಒಂದರ ಕೆಳಗೊಂದು ಜೂನ್ ಒಂದು. ಅಪ್ಪನೋ ಅವ್ವನೋ ಬಂದು, "ಎಳ್ಳಮಾಸಿ ಎರಡ ದಿನ ಐತಿ ಅನ್ನೂದರಾಗ ಹುಟ್ಯಾನ್ರಿ" ಅನ್ನುತ್ತಾರೆ, ಮಾಸ್ತರು "ಹೂಂ" ಅಂದು ಜೂನ್ ಒಂದು ಬರೆಯುತ್ತಾರೆ. ನಾನೂ ಹಾಗೇ ಬರೆಯುತ್ತಿದ್ದೆ. ಯಾವಾಗ ಹುಟ್ಟಿತು ಕೂಸು ಎಂದು ಎರಡನೇ ಸಲ ಕೇಳುತ್ತಿರಲಿಲ್ಲ. ಹೊಸದಾಗಿ ಬಂದ ಜೊತೆಯವರೊಬ್ಬರು, "ಖರೆ ತಾರೀಖು ಹುಡುಕಿ ಬರೀಬೇಕಲ್ರಿ ಟೀಚರ" ಎಂದು ನನಗೆ ಬುದ್ಧಿ ಹೇಳಲು ಬಂದಿದ್ದರು. ಖರೆ ತಾರೀಖು ಬರೆದರೆ ಏನಾಗುತ್ತದೆ ಎಂದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಜೂನ್ ಒಂದನ್ನೇ ಬರೆಯುತ್ತ ಹೋದೆ.

ನನ್ನ ಅವ್ವನ ಅವ್ವ ಸವದತ್ತಿಯ ಹತ್ತಿರದ ಹಳ್ಳಿಯವಳು. ನಾವು ಆಯಿ ಎನ್ನುತ್ತಿದ್ದೆವು. ಅಕ್ಷರ ಬಾರದು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅವಳಿಗೆ ಕಾಣುತ್ತಿದ್ದದ್ದು ದೇವರ ಚಿತ್ರವೊಂದೇ. ಆದರೆ ಇಡೀ ವರ್ಷ ಅವಳ ಬಾಯಲ್ಲಿತ್ತು. ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ ಎಂದು ಶುರು ಮಾಡಿದರೆ ಹೋಳಿ ಹುಣ್ಣಿಮೆಗೆ ಬಂದು ನಿಲ್ಲಿಸುತ್ತಿದ್ದಳು. ನಡುನಡುವೆ ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ, ಎಳ್ಳಮಾವಾಸ್ಯೆ. ಯಾರ ಮದುವೆ, ಯಾರ ಸಾವು, ಯಾವ ಆಕಳು ಕರು ಹಾಕಿದ್ದು, ಯಾವ ನೆರೆಮನೆಯಾಕೆ ಜಗಳ ತೆಗೆದದ್ದು, ಎಲ್ಲಕ್ಕೂ ಒಂದು ಹುಣ್ಣಿಮೆಯೋ ಅಮಾವಾಸ್ಯೆಯೋ ಇತ್ತು. "ಕಾರಹುಣ್ಣಿಮಿ ಕರಕೊಂಡು ಬಂತು, ಹೋಳಿಹುಣ್ಣಿಮಿ ಹೊಡಕೊಂಡು ಹೋತು" ಎಂದು ಹಬ್ಬಗಳ ಲೆಕ್ಕವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಇದು ಚಂದ್ರನ ಲೆಕ್ಕ. ಇದರ ಮಗ್ಗುಲಿಗೆ ಸೂರ್ಯನದು ಇನ್ನೊಂದಿತ್ತು, ಮಳೆಗಳ ಲೆಕ್ಕ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಎರಡು ವಾರಕ್ಕೊಂದು ಮಳೆಯ ಹೆಸರು, ಮಳೆ ಬರಲಿ ಬಿಡಲಿ. ಬಿತ್ತುವುದು, ಕಳೆ ತೆಗೆಯಲು ಎಡೆ ಹೊಡೆಯುವುದು ಎಲ್ಲ ಮಳೆಯ ಲೆಕ್ಕಕ್ಕೆ. ಹೋಳಿಗೆ, ಕಡುಬು ಹುಣ್ಣಿಮೆಯ ಲೆಕ್ಕಕ್ಕೆ. ಎರಡೂ ಕೂಡುವುದಿಲ್ಲ ಯಾಕೆ ಎಂದು ಸಣ್ಣವಳಿದ್ದಾಗ ಕೇಳಿದ್ದೆ.

"ಸೂರ್ಯಪ್ಪ ನಡೀತಾನ, ಚಂದ್ರಪ್ಪ ಓಡತಾನ," ಎಂದಿದ್ದಳು ಆಯಿ. "ವರ್ಷಕ್ಕ ಹನ್ನೊಂದ ದಿನ ಮುಂದ ಹೋಗಿರತಾನ ಚಂದ್ರಪ್ಪ. ಮೂರ ವರ್ಷಕ್ಕೊಮ್ಮಿ ಹಿಂದ ತಿರುಗಿ ನೋಡತಾನ, ಅಣ್ಣ ಕಾಣೂದಿಲ್ಲ. ಒಂದ ತಿಂಗಳ ಕುಂತ ಬಿಡತಾನ. ಅದ ಅಧಿಕ ಮಾಸ."

ಅಧಿಕ ಮಾಸ ಬಂದ ವರ್ಷ ಒಂದೇ ಹೆಸರಿನ ತಿಂಗಳು ಎರಡು ಸಲ ಬರುತ್ತದೆ. ಮೊದಲಿನದು ಅಧಿಕ, ಎರಡನೆಯದು ನಿಜ. ಹಬ್ಬ ಹುಣ್ಣಿಮೆ ಏನಿದ್ದರೂ ನಿಜ ಮಾಸಕ್ಕೆ. ಅಧಿಕದಲ್ಲಿ ಮದುವೆ ಇಲ್ಲ, ಹೊಸಮನೆ ಹೊಗುವುದಿಲ್ಲ, ಕೂಸನ್ನು ತೊಟ್ಟಿಲಿಗೂ ಹಾಕುವುದಿಲ್ಲ. ಅಳಿಯನಿಗೆ ಅಕ್ಕಿಹಿಟ್ಟು ಬೆಲ್ಲದ ಮೂವತ್ತಮೂರು ಅನಾರಸ ಕರಿದು ಕೊಡುವುದೊಂದೇ ಆ ತಿಂಗಳ ಸಂಭ್ರಮ. "ಅದು ಲೆಕ್ಕಕ್ಕಿಲ್ಲದ ತಿಂಗಳ" ಎನ್ನುತ್ತಿದ್ದಳು ಆಯಿ. ಹಾಗೆನ್ನುವಾಗ ಅವಳ ದನಿ ಸ್ವಲ್ಪ ಬಿರುಸಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಗಮನಿಸಿರಲಿಲ್ಲ.

ಅವ್ವ ಹುಟ್ಟಿದ್ದು ಕಾರಹುಣ್ಣಿಮೆಯ ದಿನ. ಈ ಕಥೆ ನಮಗೆ ಬಾಯಿಪಾಠವಾಗಿತ್ತು. ಅವತ್ತು ಆರಿದ್ರಾ ಮಳೆ. ಎತ್ತುಗಳ ಕೊಂಬಿಗೆ ಹಚ್ಚಿದ ಬಣ್ಣ ಮಳೆಗೆ ಇಳಿದು ಅವುಗಳ ಮುಖವೆಲ್ಲ ಕೆಂಪಾಗಿತ್ತು. ಸಂಜೆ ಕರಿ ಹರಿಯಲು, ಅಂದರೆ ಊರಬಾಗಿಲಿಗೆ ಕಟ್ಟಿದ ಬೇವಿನ ತೋರಣವನ್ನು ಎತ್ತುಗಳಿಂದ ಹರಿಸಲು, ಊರಿನ ಗಂಡಸರೆಲ್ಲ ಎತ್ತು ಓಡಿಸಿಕೊಂಡು ಅಗಸಿಗೆ ಬಂದಿದ್ದರು. ಆ ಗದ್ದಲ ದಾಟಿ ಸೂಲಗಿತ್ತಿಗೆ ಈಚೆ ಬರಲಾಗದೆ, ಅವಳು ಬರುವಷ್ಟರಲ್ಲಿ ಅವ್ವ ಹುಟ್ಟಿಬಿಟ್ಟಿದ್ದಳು. "ಎತ್ತು ಓಡಿ ಬರೂ ಹೊತ್ತಿಗೆ ನೀನೂ ಓಡಿ ಬಂದಿ" ಎಂದು ಆಯಿ ಹೇಳಿದಾಗಲೆಲ್ಲ ಅವ್ವ, ಎಷ್ಟನೇ ಸಲ ಕೇಳಿದರೂ, ನಗುತ್ತಿದ್ದಳು. ಪ್ರತಿವರ್ಷ ಕಾರಹುಣ್ಣಿಮೆಯ ಮೊದಲ ಹೋಳಿಗೆ ಅವ್ವನಿಗೆ. ಅಪ್ಪನೂ ಅದನ್ನು ಮುಟ್ಟುತ್ತಿರಲಿಲ್ಲ. ಹೆಂಗಸರಿಗೆ ಹುಟ್ಟುಹಬ್ಬವೆಂಬುದೇ ಇರದಿದ್ದ ನಮ್ಮ ಓಣಿಯಲ್ಲಿ ನಮ್ಮವ್ವನದೊಂದಿತ್ತು.

ಅವಳಿಗೆ ಇದ್ದದ್ದು ಅದೊಂದೇ ಎಂದರೂ ನಡೆಯುತ್ತದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಹದಿನೇಳಕ್ಕೆ ಮದುವೆಯಾಗಿ, ಬೈಲಹೊಂಗಲ ತಾಲೂಕಿನ ದೊಡವಾಡದ ಹತ್ತಿರದ ನಮ್ಮ ಊರಿಗೆ ಬಂದಳು. ಹೊಲ ಇತ್ತು, ದನ ಇದ್ದವು, ಉಣ್ಣಲು ಉಡಲು ತೊಂದರೆ ಇರಲಿಲ್ಲ. ಆದರೆ ಅವ್ವನಿಗೆ ಕಲಿಸುವ ಹುಚ್ಚು. ಮಧ್ಯಾಹ್ನ ಓಣಿಯ ಸಣ್ಣ ಹುಡುಗರನ್ನೆಲ್ಲ ಕಟ್ಟೆಯ ಮೇಲೆ ಕೂಡಿಸಿ, ಇದ್ದಿಲಿನಲ್ಲಿ ನೆಲದ ಮೇಲೆ ಅ ಆ ಬರೆಸುತ್ತಿದ್ದಳು. ಅಡುಗೆಮನೆಯಲ್ಲಿ ಅರ್ಧ ಮಾತಾಡುವ ಹೆಂಗಸು ಕಟ್ಟೆಗೆ ಬಂದರೆ ಬೇರೆಯೇ ಆಗುತ್ತಿದ್ದಳು. ದನಿ ಏರುತ್ತಿತ್ತು, ಕೈ ಆಡುತ್ತಿತ್ತು.

ತೊಂಬತ್ತರ ದಶಕದ ನಡುವೆ ನಮ್ಮ ಊರಿಗೆ ಅಂಗನವಾಡಿ ಮಂಜೂರಾಯಿತು. ಊರಿನ ಸೊಸೆಯೋ ಮಗಳೋ ಒಬ್ಬಳು ಕಾರ್ಯಕರ್ತೆ ಬೇಕು. ಹತ್ತನೆಯದು ಓದಿದ ಹೆಂಗಸರು ಊರಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ಮುಲ್ಕಿ ನಡೆಯುತ್ತದೆ ಎಂದರು. ಅವ್ವ ಮೂರು ದಿನ ಏನೂ ಅನ್ನದೆ ಓಡಾಡಿದಳು. ನಾಲ್ಕನೆಯ ದಿನ ಅಪ್ಪನಿಗೆ ಊಟಕ್ಕೆ ಬಡಿಸುತ್ತ, "ನಾ ಅರ್ಜಿ ಹಾಕತೇನಿ" ಎಂದಳು. ಕೇಳಲಿಲ್ಲ, ಹೇಳಿದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಆಮೇಲೆ, "ಊರಾಗಿಂದ ಐತಿ. ಹಾಕ" ಎಂದ. ಅವ್ವ ಆ ವಾರವೇ ಹೋಗಿ ಅಂಗನವಾಡಿಗೆ ಗೊತ್ತು ಮಾಡಿದ್ದ ಕೋಣೆ ನೋಡಿ ಬಂದಳು. ಕಿಟಕಿ ಯಾವ ಕಡೆ ಇದೆ, ಮಕ್ಕಳನ್ನು ಎಲ್ಲಿ ಕೂಡಿಸಬೇಕು, ಎಲ್ಲ ಅವಳ ತಲೆಯಲ್ಲಿ ತಯಾರಾಗಿಬಿಟ್ಟಿತು.

ನಾನು ಆಗಷ್ಟೇ ಹತ್ತನೆಯ ತರಗತಿ ಮುಗಿಸಿ ಬೈಲಹೊಂಗಲದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅರ್ಜಿ ತುಂಬಿದ್ದು ನಾನು. ವಯಸ್ಸು ಜೂನ್ ಒಂದಕ್ಕೆ ಮೂವತ್ತೈದು ದಾಟಿರಬಾರದು ಎಂದಿತ್ತು. ಆರಿದ್ರಾ ಮಳೆ ಎಂದರೆ ಜೂನ್ ಕೊನೆ, ಆ ತಾರೀಖಿಗೆ ಅವ್ವನಿಗೆ ಮೂವತ್ತೈದು ತುಂಬಲು ಇನ್ನೂ ನಾಲ್ಕು ವಾರ ಇತ್ತು. "ಅಂತೂ ಒಮ್ಮೆ ದೇವರು ನಮ್ಮ ಕಡೆ ನೋಡಿದ" ಎಂದಳು ಅವ್ವ. ನಂಬಿಕೆಯ ಮೇಲೆ ಹಾಗೇ ತುಂಬಿದೆವು. ಶಾಲೆಯ ದಾಖಲೆ ಆಮೇಲೆ ತರಿಸಿದೆವು.

ಸವದತ್ತಿ ಕಡೆಯ ಆ ಶಾಲೆಯಿಂದ ಬಂದ ಕಾಗದದಲ್ಲಿ ಜೂನ್ ಕೊನೆ ಇರಲಿಲ್ಲ. ಮೇ ಕೊನೆ ಇತ್ತು. ಜೂನ್ ಒಂದಕ್ಕೆ ಎರಡು ದಿನ ಹಿಂದಿನ ತಾರೀಖು. ನಾನು ಅದನ್ನು ಮೂರು ಸಲ ಓದಿದೆ. ಅವ್ವನ ವಯಸ್ಸು ಎರಡು ದಿನ ದಾಟಿತ್ತು. ಇಡೀ ಊರಿಗೆ ಜೂನ್ ಒಂದು ಬರೆಯುವ ಮಾಸ್ತರ, ನಮ್ಮವ್ವನೊಬ್ಬಳಿಗೆ ಬೇರೆ ಬರೆದಿದ್ದ. ಆ ಪುಣ್ಯಾತ್ಮ ಎಲ್ಲರಂತೆ ಜೂನ್ ಒಂದು ಗೀಚಿದ್ದರೂ ಅರ್ಜಿ ನಡೆಯುತ್ತಿತ್ತು.

"ತಪ್ಪ ಬರದಾನ," ಎಂದಳು ಅವ್ವ. "ನಾ ಹುಟ್ಟಿದ್ದು ಊರಿಗೆ ಊರ ನೋಡೇತಿ."

ತಪ್ಪು ಹೇಗಾಯಿತು ಎಂದು ಕಂಡುಹಿಡಿದವಳೂ ನಾನೇ. ಕಿತ್ತೂರಿನಲ್ಲಿ ಒಬ್ಬ ಮುಪ್ಪಿನ ಅಯ್ಯನವರಿದ್ದರು, ಅಪ್ಪನಿಗೆ ಪರಿಚಯ. ಅವರ ಮನೆಯಲ್ಲಿ ನಾಲ್ಕು ತಲೆಮಾರಿನ ಪಂಚಾಂಗಗಳು ಟ್ರಂಕಿನಲ್ಲಿದ್ದವು. ಅವ್ವನನ್ನು ಕರೆದುಕೊಂಡು ಹೋದೆ. ಅಯ್ಯನವರು ಅವ್ವ ಹುಟ್ಟಿದ ವರ್ಷದ್ದನ್ನು ತೆಗೆದು, ಕನ್ನಡಕ ಏರಿಸಿ, ಪುಟ ತಿರುವಿ ನಕ್ಕರು.

"ನೋಡ ತಂಗಿ, ಆ ವರ್ಷ ಜ್ಯೇಷ್ಠ ಎರಡ ಅದಾವು. ಮೊದಲಿಂದು ಅಧಿಕ. ಅದರ ಹುಣ್ಣಿಮಿ ಮೇ ಕೊನಿಗೆ ಬಂದೈತಿ. ನಿಜ ಜ್ಯೇಷ್ಠದ ಹುಣ್ಣಿಮಿ ಜೂನ್ ಕೊನಿಗೆ. ಕಾರಹುಣ್ಣಿಮಿ ಮಾಡೂದು ನಿಜದಾಗ. ಮಾಸ್ತರ ದೂರದ ಊರಾಂವ ಇದ್ದಿರಬೇಕು. ನಿಮ್ಮಜ್ಜ ಕಾರಹುಣ್ಣಿಮಿ ಅಂದಾನ, ಇಂವ ಆ ವರ್ಷದ ಹಳೇ ಪಂಚಾಂಗದಾಗ ಜ್ಯೇಷ್ಠದ ಮೊದಲನೇ ಹುಣ್ಣಿಮಿ ಕಂಡ ಕೂಡಲೇ ಬರದ ಬಿಟ್ಟಾನ."

ನನಗೆ ಆದ ಸಂತೋಷ ಹೇಳತೀರದು. ಮೇ ಕೊನೆಗೆ ಇರುವುದು ರೋಹಿಣಿ ಮಳೆ. ಜೂನ್ ಕೊನೆಗೆ ಆರಿದ್ರಾ. ಆಯಿಯ ಕಥೆಯಲ್ಲಿದ್ದದ್ದು ಆರಿದ್ರಾ. ಚಂದ್ರನ ಲೆಕ್ಕ ಮಾಸ್ತರನಿಗೆ ಮೋಸ ಮಾಡಿತ್ತು, ಮಳೆಯ ಲೆಕ್ಕ ನಮ್ಮ ಕಡೆ ನಿಂತಿತ್ತು. ಅಕ್ಷರ ಬಾರದ ಆಯಿಯ ಬಾಯಿಲೆಕ್ಕ ಶಾಲೆಯ ದಾಖಲೆಯನ್ನು ಸೋಲಿಸುತ್ತದೆ ಎಂದು ಕಿತ್ತೂರಿನಿಂದ ಊರು ಮುಟ್ಟುವ ತನಕ ಬಸ್ಸಿನಲ್ಲಿ ಅವ್ವನಿಗೆ ಹೇಳುತ್ತಲೇ ಬಂದೆ. ಅವ್ವ ಕಿಟಕಿಯ ಹೊರಗೆ ನೋಡುತ್ತ ನನ್ನ ಕೈ ಹಿಡಿದುಕೊಂಡಿದ್ದಳು.

ಬೈಲಹೊಂಗಲದ ಅಂಗನವಾಡಿ ಕಚೇರಿಯ ಸಾಹೇಬರು ಕೆಟ್ಟವರಲ್ಲ. ಇದನ್ನು ಹೇಳಲೇಬೇಕು, ಕೆಟ್ಟವರಾಗಿದ್ದರೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು. ನಮ್ಮ ಊರಿನಿಂದ ಬಂದ ಅರ್ಜಿ ಎರಡೇ. ಇನ್ನೊಂದು, ಮುಲ್ಕಿಯಲ್ಲಿ ಎರಡು ಸಲ ಕೂತು ಪಾಸಾದ ಒಬ್ಬ ಹೊಸ ಸೊಸೆಯದು. ಸಾಹೇಬರಿಗೆ ಅವ್ವನೇ ಹಿಡಿಸಿದ್ದಳು. ಅಯ್ಯನವರು ಬರೆದುಕೊಟ್ಟ ಕಾಗದ ನೋಡಿ ತಲೆ ತೂಗಿದರು.

"ಪಂಚಾಂಗದಾಗ ಎರಡೂ ಹುಣ್ಣಿಮಿ ಅದಾವಲ್ಲ," ಎಂದರು. "ಯಾವದರಾಗ ಹುಟ್ಟ್ಯಾರ ಅಂತ ಇದು ಹೇಳೂದಿಲ್ಲ. ಹಡದಾಕಿ ಇದ್ದಾರೇನು?"

"ಅದಾಳ್ರಿ," ಎಂದೆ ನಾನು, ಅವ್ವ ಬಾಯಿ ತೆಗೆಯುವ ಮೊದಲೇ.

"ಕರಕೊಂಡ ಬರ್ರಿ. ನನ್ನ ಮುಂದ ಬಾಯಿಲೆ ಹೇಳಲಿ. ಹಡದಾಕಿ ಹೇಳಿಕಿ ಅಂತ ಬರದು ಮ್ಯಾಲಿಗೆ ಕಳಸ್ತೇನಿ. ಎರಡ ದಿನದ ಮಾತ ಐತಿ, ಯಾರೂ ಬ್ಯಾಡ ಅನ್ನೂದಿಲ್ಲ."

ಆಯಿಯನ್ನು ಕರೆತರಲು ಅಪ್ಪ ಹೋದ. ಅವಳು ಬಂದು ಇಳಿದಾಗ ಮುಖ ಬಾಡಿತ್ತು. ಬಸ್ಸಿಗೆ ಆಗಿಬರುವುದಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆವು. ಊಟಕ್ಕೆ ಕೂತಾಗ ಒಮ್ಮೆ, "ಈ ನೌಕರಿ ಬ್ಯಾಡ ಬಿಡ ಯವ್ವಾ, ಹೊಲ ಮನಿ ಏನ ಕಡಿಮಿ ಐತಿ" ಎಂದಳು. ಅವ್ವ ಕೇಳಿಸದವಳಂತೆ ಸಾರು ಹಾಕಿದಳು. ಆಗ ಆಷಾಢದ ಹಿಂದಿನ ಅಧಿಕ ಮಾಸ ನಡೆದಿತ್ತು. "ಬರಗಾಲದಾಗ ಅಧಿಕ ಮಾಸ ಅಂತಾರ, ನನಗ ಅಧಿಕ ಮಾಸದಾಗ ಸುಗ್ಗಿ" ಎಂದು ಅವ್ವ ನಗೆಯಾಡಿದಳು. ಆಯಿ ನಗಲಿಲ್ಲ.

ಕಚೇರಿಯಲ್ಲಿ ಆಯಿಯನ್ನು ಸಾಹೇಬರ ಎದುರು ಕುರ್ಚಿಯ ಮೇಲೆ ಕೂಡಿಸಿದೆವು. ಅವಳು ಕುರ್ಚಿಯ ಅಂಚಿಗೆ ಕೂತು ಸೆರಗು ಬಿಗಿಮಾಡಿಕೊಂಡಳು. ಸಾಹೇಬರು ಕೇಳಿದರು. ಆಯಿ ಎಂದಿನ ಕಥೆ ಹೇಳಿದಳು. ಕಾರಹುಣ್ಣಿಮೆ, ಎತ್ತು, ಕೊಂಬಿನ ಬಣ್ಣ. ಆದರೆ ದಿನವೂ ಹೇಳುವ ಹಾಗೆ ಹೇಳಲಿಲ್ಲ, ಒಂದೊಂದೇ ಮಾತು ಎಳೆದೆಳೆದು ಹೇಳಿದಳು. ಸಾಹೇಬರು ಪೆನ್ನು ಕೆಳಗಿಟ್ಟು, "ಮೂವತ್ತೈದ ವರ್ಷ ಆತು ಆಯಿ. ಖಾತ್ರಿ ನೆನಪ ಐತಿ?" ಎಂದರು.

ಇಲ್ಲಿ ನಾನು ಬಾಯಿ ಹಾಕಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಆಯಿಯ ಸೊಂಟದ ಚೀಲದಲ್ಲಿ ಯಾವಾಗಲೂ ಸವದತ್ತಿ ಎಲ್ಲವ್ವನ ಭಂಡಾರ ಇರುತ್ತಿತ್ತು, ಗುಡ್ಡದಿಂದ ತಂದ ಅರಿಸಿನದ ಪುಡಿ. ಹಣೆಗೆ ಹಚ್ಚಿಕೊಳ್ಳದೆ ಮನೆ ಬಿಟ್ಟವಳಲ್ಲ. ಭಂಡಾರ ಅಂಗೈಯಲ್ಲಿ ಹಿಡಿದು ಸುಳ್ಳು ಹೇಳಿದರೆ ಆ ಕೈ ಉಣ್ಣುವುದಿಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಲದ ಬದುವಿನ ಜಗಳ ಕೋರ್ಟಿನಲ್ಲಿ ಹರಿಯದಿದ್ದರೆ ಭಂಡಾರದಲ್ಲಿ ಹರಿಯುತ್ತಿತ್ತು. "ನಮ್ಮ ಆಯಿ ಭಂಡಾರ ಹಿಡದ ಹೇಳತಾಳ್ರಿ ಸಾಹೇಬ್ರ" ಎಂದೆ. ಎಷ್ಟು ಗತ್ತಿನಿಂದ ಹೇಳಿದೆ ಎಂದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆಯಿಯ ಚೀಲಕ್ಕೆ ನಾನೇ ಕೈ ಹಾಕಿದೆ. ಅವಳ ಅಂಗೈ ಬಿಡಿಸಿ ನಾನೇ ಭಂಡಾರ ಸುರಿದೆ.

ಆಯಿ ಅಂಗೈ ನೋಡುತ್ತ ಕೂತಳು. ಸಾಹೇಬರು ಕಾದರು. ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ.

"ರೋಹಿಣಿ ಮಳಿ ಇತ್ರಿ," ಎಂದಳು ಆಯಿ.

"ಏನಂದ್ರಿ?"

"ರೋಹಿಣಿ ಮಳಿ. ಅಧಿಕದಾಗ ಹಡದೇನ್ರಿ. ಅಧಿಕದ ಹುಣ್ಣಿಮಿ ದಿನ. ಎತ್ತೂ ಓಡಿಲ್ಲ, ಏನೂ ಓಡಿಲ್ಲ."

ಒಮ್ಮೆ ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಚೊಚ್ಚಲ ಕೂಸು ಅಧಿಕ ಮಾಸದಲ್ಲಿ ಹುಟ್ಟಿತೆಂದು ಅವಳ ಅತ್ತೆ ಬಾಣಂತಿಯ ಮುಖ ನೋಡಲು ಬಂದಿರಲಿಲ್ಲ. ಹೆಣ್ಣು ಬೇರೆ. ಅಧಿಕ ಜ್ಯೇಷ್ಠ ಮರುವರ್ಷ ಬರುವುದಿಲ್ಲ, ಎಂಟು ಹತ್ತು ವರ್ಷ ಸುಳಿವೇ ಇರುವುದಿಲ್ಲ. ತಿಂಗಳಿಲ್ಲದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ತವರಿನ ಓಣಿಯಲ್ಲಿ ಅನ್ನತೊಡಗಿದರು. ತವರಿನಿಂದ ಗಂಡನ ಊರಿಗೆ ಕೂಸು ತರುವಾಗಲೇ ಆಯಿ ದಿನ ಬದಲಿಸಿದಳು. ಒಂದು ತಿಂಗಳು ಮುಂದೆ ತಳ್ಳಿ ಕಾರಹುಣ್ಣಿಮೆ ಮಾಡಿದಳು. ಮನೆತನದ ಮಾನಕ್ಕೆ ಅಂಜಿ ಅತ್ತೆಯೂ ಬಾಯಿ ಬಿಡಲಿಲ್ಲ. ಕೇಳಿದವರಿಗೆಲ್ಲ ಹೇಳಿ ಹೇಳಿ ಎತ್ತು ಬಂದವು, ಮಳೆ ಬಂತು, ಬಣ್ಣ ಇಳಿಯಿತು. ಆದರೆ ಅಜ್ಜ ಸುಳ್ಳಾಡದ ಮನುಷ್ಯ. ಶಾಲೆಗೆ ಹಾಕುವಾಗ ಮಾಸ್ತರನಿಗೆ ಮಾತ್ರ ಖರೆ ಹೇಳಿಬಂದಿದ್ದ. ಮಾಸ್ತರ ತಪ್ಪು ಬರೆದಿರಲಿಲ್ಲ.

"ಆತ ಬಿಡ್ರಿ," ಎಂದರು ಸಾಹೇಬರು, ಮೆಲ್ಲಗೆ. ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಅವ್ವನ ಕಡೆ ಸರಿಸಿದರು. ಅವ್ವ ಅವನ್ನು ತೆಗೆದುಕೊಂಡು ಎದ್ದಳು. ಆಯಿ ಭಂಡಾರ ಹಿಡಿದ ಕೈ ಹಾಗೇ ಮುಂದೆ ಚಾಚಿಕೊಂಡು ಕೂತಿದ್ದಳು, ಎಲ್ಲಿ ಹಾಕಬೇಕೆಂದು ತಿಳಿಯದೆ. ಕೊನೆಗೆ ನಾನು ಅದನ್ನು ಒಂದು ಕಾಗದದಲ್ಲಿ ಕಟ್ಟಿಕೊಂಡೆ.

ಮೂವತ್ತೈದು ವರ್ಷ ಸುಳ್ಳು ಹೇಳಿದವಳು, ಸುಳ್ಳು ಬೇಕಾಗಿದ್ದ ಒಂದೇ ಒಂದು ದಿನ ಖರೆ ಹೇಳಿದಳು. ಇದನ್ನು ನಾನು ಕ್ಷಮಿಸಿಲ್ಲ. ದೇವರಿಗೆ ಹೆದರಿದಳು, ಸರಿ. ಆದರೆ ಮಗಳ ಕಥೆಯಲ್ಲಿ ಎತ್ತು ಓಡಿಸುವಾಗ ಆ ಎಲ್ಲವ್ವ ಎಲ್ಲಿದ್ದಳು? ಅದಕ್ಕಿಂತ ಹೆಚ್ಚಾಗಿ ನನ್ನನ್ನು ನಾನು ಕ್ಷಮಿಸಿಲ್ಲ. ತೂತು ಒಲೆ ಕೆಡಿಸಿತು, ಮಾತು ಮನೆ ಕೆಡಿಸಿತು ಎಂಬ ಗಾದೆ ಆಯಿಯೇ ಕಲಿಸಿದ್ದು. ಯಾರ ಮಾತು ಎಂದು ಮಾತ್ರ ಗಾದೆ ಹೇಳುವುದಿಲ್ಲ.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಆಯಿ ಅಳುತ್ತಿದ್ದಳು. ಅವ್ವ ಅಳಲಿಲ್ಲ. ಊರು ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು.

"ಮಳಿಯಾದರೂ ಬಂದಿತ್ತೇನ, ಅವತ್ತ?"

"ಇಲ್ಲ," ಎಂದಳು ಆಯಿ.

ಕೆಲಸ ಆ ಹೊಸ ಸೊಸೆಗೆ ಆಯಿತು. ಅವಳ ತಪ್ಪೇನಿಲ್ಲ, ಹುಡುಗಿ ಒಳ್ಳೆಯವಳೇ. ಅವ್ವ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸುವುದನ್ನು ಬಿಟ್ಟಳು. ಅಂಗನವಾಡಿ ಬಂದ ಮೇಲೆ ಮಕ್ಕಳೂ ಕಟ್ಟೆಗೆ ಯಾಕೆ ಬರುತ್ತಾರೆ. ಮುಂದಿನ ಕಾರಹುಣ್ಣಿಮೆಗೆ ಅಪ್ಪ ಮೊದಲ ಹೋಳಿಗೆಯನ್ನು ಅವ್ವನ ತಾಟಿಗೆ ಹಾಕಲು ಹೋದ. ಅವ್ವ ತಾಟು ಸರಿಸಿ, "ಎತ್ತಿಗೆ ಹಾಕ್ರಿ, ಹಬ್ಬ ಅವುಗಳ್ದು" ಎಂದಳು. ಅಪ್ಪ ಎದ್ದು ಹೋಗಿ ಹಾಕಿಬಂದ. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಿದ ದಿನ ಇರಲಿಲ್ಲ.

ಆಯಿ ಮೂರು ವರ್ಷ ನಮ್ಮ ಮನೆಗೆ ಬರಲಿಲ್ಲ. ಅವ್ವ ಕರೆಯಲಿಲ್ಲ. ತವರಿನ ಮದುವೆಗೆ ಒಮ್ಮೆ ಹೋದಾಗಲೂ, ಉಂಡು, ಅಕ್ಕಿಕಾಳು ಹಾಕಿ, ಸಂಜೆ ಬಸ್ಸಿಗೇ ತಿರುಗಿ ಬಂದಳು. ಯಾವ ಮಳೆ ನಡೆದಿದೆ ಎಂದು ಯಾರಾದರೂ ಕೇಳಿದರೆ ಮೊದಲು ಥಟ್ಟನೆ ಹೇಳುತ್ತಿದ್ದ ಅವ್ವ ಈಗ ಗೋಡೆಯತ್ತ ಕೈ ತೋರಿಸುತ್ತಿದ್ದಳು. ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ್ದಳು. ಅವಳೇ ತಂದದ್ದು.

ಮೂರು ವರ್ಷದ ಮೇಲೆ ಅಧಿಕ ಜ್ಯೇಷ್ಠ ಬಂತು. ನಾನಾಗ ಶಿಕ್ಷಕಿಯ ತರಬೇತಿ ಮಾಡುತ್ತಿದ್ದೆ, ರಜೆಗೆ ಮನೆಯಲ್ಲಿದ್ದೆ. ಆ ತಿಂಗಳ ಹುಣ್ಣಿಮೆಯ ದಿನ, ಬಿಸಿಲು ಇಳಿಯುವ ಹೊತ್ತಿಗೆ, ಆಯಿ ಒಬ್ಬಳೇ ಬಸ್ಸಿಳಿದು ಬಂದಳು. ಕೈಯಲ್ಲಿ ಬಟ್ಟೆ ಕಟ್ಟಿದ ಸ್ಟೀಲಿನ ಡಬ್ಬಿ. ಅಳಿಯನಿಗೆ ಅಧಿಕ ಮಾಸದ ಅನಾರಸ ತಂದಿದ್ದಾಳೆ ಎಂದು ಅಪ್ಪ ಕೈಕಾಲು ತೊಳೆದು ಬಂದು ಚಾಪೆಯ ಮೇಲೆ ಕೂತ. ಆಯಿ ಡಬ್ಬಿಯನ್ನು ಅಪ್ಪನ ಮುಂದೆ ಇಡಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವ್ವನ ಮುಂದೆ ಇಟ್ಟಳು.

"ಮೂವತ್ತಮೂರ ಅದಾವು," ಎಂದಳು. "ಇವತ್ತ ನಿಂದ ಖರೆ ದಿನ. ತಿರುಗಿ ಬಂದೈತಿ."

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಯಿತು ಇದು ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಆದರೆ ಅವ್ವ ಹೇಳಿದ ಮಾತು ನನಗೆ ಹೊಳೆದಿರಲಿಲ್ಲ.

"ಇದಕ್ಕಿಂತ ಮೊದಲ ಎರಡ ಸಲ ಬಂದಿತ್ತಲ್ಲ," ಎಂದಳು. ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು ಅಂತ ಕಾಣುತ್ತದೆ. "ನನಗ ಇಪ್ಪತ್ತೇಳ ಇದ್ದಾಗ ಒಮ್ಮಿ ಬಂದಿತ್ತು. ಅದ ಹೋಗಲಿ, ನಾ ಇಲ್ಲಿದ್ದೆ. ಹತ್ತೊಂಬತ್ತಕ್ಕ ಬಂದಾಗ ನಿನ್ನ ಮನಿಯಾಗ ಬಾಣಂತಿ ಇದ್ದೆ. ಈ ಹುಡುಗಿ ತೊಡಿಮ್ಯಾಲಿತ್ತು. ಅವತ್ತ ಯಾಕ ಮಾಡಲಿಲ್ಲ?"

ಆಯಿ ಡಬ್ಬಿಯ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

"ಮಾಡಿದ್ದೆ," ಎಂದಳು. "ನೀ ಒಳಗ ಮಲಗಿದ್ದಿ. ಯಾರ ಕೇಳಿದ್ರ ಏನ ಹೇಳ್ಲಿ ಅಂತ ಅಂಜಿಕಿ ಆತು. ಹಿತ್ತಲಕ ಒಯ್ದು ಆಕಳಿಗೆ ಹಾಕಿದೆ."

ಅವ್ವ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

"ನಿನ್ನ ಆಕಳಿಗೆ ಗೊತ್ತಿತ್ತು," ಎಂದಳು, "ನನಗ ಗೊತ್ತಿರಲಿಲ್ಲ."

ಆಯಿಗೆ ಊಟ ಹಾಕಿದಳು, ಹಾಸಿಗೆ ಹಾಸಿ ಕೊಟ್ಟಳು, ಎಲ್ಲವನ್ನೂ ಮಾಡಿದಳು. ಡಬ್ಬಿ ಮಾತ್ರ ಹೊಸ್ತಿಲಲ್ಲಿ ಇಟ್ಟಲ್ಲೇ ಇತ್ತು. ಮರುದಿನ ಬೆಳಿಗ್ಗೆ ಆಯಿ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದಾಗಲೇ ಅವ್ವ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಅಂಗನವಾಡಿಗೆ ಕೊಟ್ಟ ಬಾ" ಎಂದಳು. "ಒಂದೂ ತಿರುಗಿ ತರಬ್ಯಾಡ." ಆಯಿ ಬಟ್ಟಲು ಕೆಳಗಿಟ್ಟಳು.

ಅಂಗನವಾಡಿಯ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮಕ್ಕಳು ಕೂತಿದ್ದರು. ಅವ್ವ ಹಿಂದೆ ಹೇಳಿದ್ದ ಹಾಗಲ್ಲ. ಬಿಸಿಲು ಕಣ್ಣಿಗೆ ಬೀಳುತ್ತದೆ, ಗೋಡೆ ಕಡೆ ಕೂಡಿಸಬೇಕು ಎಂದಿದ್ದಳು ಅವಳು. ಟೀಚರಾಗಿದ್ದ ಆ ಸೊಸೆ ಡಬ್ಬಿ ತೆಗೆದು ನೋಡಿ ಖುಷಿಪಟ್ಟಳು. ಮಕ್ಕಳಿಗೆ ಒಂದೊಂದು ಹಂಚುತ್ತ, "ಯಾರ ಹುಟ್ಟುಹಬ್ಬರಿ ಅಕ್ಕಾರ?" ಎಂದು ಕೇಳಿದಳು.

"ಯಾರದೂ ಅಲ್ರಿ," ಎಂದೆ ನಾನು. "ಅಧಿಕ ಮಾಸದ್ದು."